ಎದುರಿಗೆ ಬಂದು ಮಾತಾಡುವ ಊರು

ಮಗ್ಗದ ಶೆಡ್ಡಿನಲ್ಲಿ ಮಾತಿಗೆ ದನಿ ಬೇಕಿಲ್ಲ. ಅರುವತ್ತು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಕಡೆ ದನಿ ಇಟ್ಟುಕೊಂಡು ಮಾಡುವುದಾದರೂ ಏನು? ಲಾಳಿ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಹಾರುವ ಸದ್ದಿನಲ್ಲಿ ಗಂಟಲು ಹರಿದುಕೊಂಡು ಕೂಗಿದರೂ ಪಕ್ಕದವಳಿಗೆ ಮುಟ್ಟುವುದಿಲ್ಲ. ಆದ್ದರಿಂದ ಅಲ್ಲಿನವರು ತುಟಿಯಲ್ಲೇ ಮಾತಾಡುತ್ತಾರೆ. ಬಾಯಿ ಅಗಲಿಸಿ, ತುಟಿಯನ್ನು ಮಡಿಸಿ ಬಿಡಿಸಿ, ಸಾಲದಿದ್ದರೆ ಹುಬ್ಬನ್ನೂ ಕೂಲಿಗೆ ಕರೆದುಕೊಂಡು, ಉಸಿರಿನಷ್ಟೂ ಸದ್ದಿಲ್ಲದೆ. ಹೊಸದಾಗಿ ಸೇರಿದವರಿಗೆ ಆರು ತಿಂಗಳು ಇದು ಹುಚ್ಚರ ಸಂತೆಯಂತೆ ಕಾಣುತ್ತದೆ. ಆಮೇಲೆ ಅವರೂ ಎಂಟು ಮಗ್ಗದಾಚೆ ನಿಂತವಳ ಮನೆಯ ಜಗಳವನ್ನು ಕಣ್ಣಿನಿಂದಲೇ ಕೇಳಿ, ಕಡಿದ ಎಳೆ ಕಟ್ಟುತ್ತಲೇ ನ್ಯಾಯ ಹೇಳುವಷ್ಟು ಪಳಗುತ್ತಾರೆ.

ಈ ವಿದ್ಯೆಯಲ್ಲಿ ದೊಡ್ಡಕ್ಕನನ್ನು ಮೀರಿಸಿದವರಿರಲಿಲ್ಲ. ಮೂವತ್ತೊಂದು ವರ್ಷ ಅದೇ ಶೆಡ್ಡಿನಲ್ಲಿ ನಿಂತವಳು. ಅವಳಿಗಿಂತ ಎರಡು ವರ್ಷ ದೊಡ್ಡವರಾದ ಮೇಸ್ತ್ರಿಯೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಯಾರ ಮಗ್ಗ ಮುನಿಸಿಕೊಂಡರೂ ಅವಳು ಬಂದು ಮರದ ಚೌಕಟ್ಟಿನ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ನಿಂತರೆ ಸಾಕು, ಎಲ್ಲಿ ಏನಾಗಿದೆ ಎಂದು ಹೇಳಿಬಿಡುತ್ತಿದ್ದಳು.

ಅಂಗೈ ಇಟ್ಟು ನೋಡುವುದಕ್ಕೆ ಇನ್ನೊಂದು ಕಾರಣವಿತ್ತು. ಅದು ಅವಳೊಬ್ಬಳಿಗೇ ಗೊತ್ತಿತ್ತು.

ನಾಲ್ಕು ವರ್ಷದಿಂದ ಅವಳ ಕಿವಿ ಹೋಗುತ್ತಾ ಬಂದಿತ್ತು. ಒಂದೇ ಸಲ ಹೋಗಿದ್ದರೆ ಅತ್ತು ಮುಗಿಸಬಹುದಿತ್ತು. ಅದು ಮನೆಯ ಸಾಮಾನು ಒಂದೊಂದಾಗಿ ಕಳುವಾದ ಹಾಗೆ ಹೋಯಿತು. ಮೊದಲು ಹಕ್ಕಿಗಳು ಹೋದವು. ಆಮೇಲೆ ಬಾಗಿಲ ಗಂಟೆ, ಆಮೇಲೆ ಒಲೆಯ ಮೇಲೆ ಹಾಲು ಉಕ್ಕುವ ಸದ್ದು. ಕೊನೆಗೆ ಬೆನ್ನ ಹಿಂದಿನಿಂದ ಬರುವ ಮಾತೆಲ್ಲ ಹೋಯಿತು. ಖಾಲಿಯಾದ ಜಾಗದಲ್ಲಿ ಒಂದು ಮಗ್ಗ ಬಂದು ಕೂತಿತು. ಶೆಡ್ಡಿನಿಂದ ಹೊರಗೆ ಬಂದರೂ ಅದು ನಿಲ್ಲುತ್ತಿರಲಿಲ್ಲ. ಊಟಕ್ಕೆ ಕೂತರೂ ಮಲಗಿದರೂ ಟಕಟಕ ಎಂದು ಒಳಗೇ ಓಡುತ್ತಿತ್ತು.

ಶೆಡ್ಡಿನಲ್ಲಿ ಇದು ಯಾರ ಕಣ್ಣಿಗೂ ಬೀಳಲಿಲ್ಲ. ಅಲ್ಲಿ ಎಲ್ಲರೂ ಕಿವುಡರೇ. ತೊಂದರೆ ಇದ್ದದ್ದು ಮನೆಯಲ್ಲಿ. ಮಗ, ಸೊಸೆ, ಎರಡು ವರ್ಷದ ಮೊಮ್ಮಗಳು ಇರುವ ಮೂರು ಕೋಣೆಯ ಮನೆ ಅದು. ಸೊಸೆ ಬೆನ್ನ ಹಿಂದಿನಿಂದ ಏನಾದರೂ ಕೇಳಿದರೆ ಇವಳು ತಿರುಗುತ್ತಿರಲಿಲ್ಲ. ಒಂದು ದಿನ ಸೊಸೆ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಗಂಡನ ಹತ್ತಿರ, ನಿಮ್ಮಮ್ಮ ಕೇಳಿಸಿದರೂ ಕೇಳಿಸದ ಹಾಗೆ ಇರುತ್ತಾರೆ, ನಾನು ಈ ಮನೆಯಲ್ಲಿ ಗೋಡೆಗೆ ಸಮ ಎಂದಳು. ಎರಡು ಬಾಗಿಲು ದಾಟಿ ದೊಡ್ಡಕ್ಕ ಅದನ್ನು ತುಟಿಯಿಂದ ಓದಿಕೊಂಡಳು. ಅವಳ ಗತಿ ಹಾಗಾಗಿತ್ತು. ಅವಳಿಗೆ ಹೇಳಿದ್ದು ಅವಳಿಗೆ ಮುಟ್ಟುತ್ತಿರಲಿಲ್ಲ, ಅವಳಿಗೆ ಹೇಳದಿದ್ದದ್ದೆಲ್ಲ ಮುಟ್ಟುತ್ತಿತ್ತು.

ಎದೆಯಲ್ಲಿ ಮುಳ್ಳಿನಂತೆ ಕೂತದ್ದು ಮಾತ್ರ ಇನ್ನೊಂದು ಮಾತು. ಮೊಮ್ಮಗಳು ಮಾತು ಕಲಿತದ್ದು ತಡವಾಗಿ. ಕಲಿತ ಮೊದಲ ಮಾತು ಅಜ್ಜಿ. ಆಗ ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಬಟ್ಟೆ ಮಡಿಸುತ್ತಿದ್ದಳು. ಮಗು ಮೂರು ಸಲ ಕರೆಯಿತು, ಅಮ್ಮ ತಿರುಗಲೇ ಇಲ್ಲ ಎಂದು ರಾತ್ರಿ ಊಟದ ಹೊತ್ತಿನಲ್ಲಿ ಮಗ ಹೆಂಡತಿಗೆ ಹೇಳಿದ್ದನ್ನು ಅವಳು ತಟ್ಟೆಯ ಮೇಲಿಂದ ಕಣ್ಣೆತ್ತಿ ನೋಡಿದಳು. ಆಮೇಲೆ ಮಗು ಅವಳನ್ನು ಕರೆಯುವುದು ಕಡಿಮೆ ಮಾಡಿತು.

ಹೇಳಿಬಿಡಬಹುದಿತ್ತು. ನಾಲಿಗೆ ಏಳಲಿಲ್ಲ. ಹೇಳಿದ ದಿನದಿಂದ ತಾನು ದೊಡ್ಡಕ್ಕನಾಗಿ ಉಳಿಯುವುದಿಲ್ಲ, ಆ ಕಿವುಡಿ ಆಗುತ್ತೇನೆ ಎಂಬ ಭಯ. ತನ್ನ ಸೋದರತ್ತೆಗೆ ಮುಪ್ಪಿನಲ್ಲಿ ಕಿವಿ ಹೋದಾಗ ಮನೆಮಂದಿಯೆಲ್ಲ ಅವಳ ಮುಂದೆಯೇ ಅವಳ ವಿಷಯ ಆಡಿ ನಗುತ್ತಿದ್ದರು. ನಕ್ಕವರಲ್ಲಿ ತಾನೂ ಒಬ್ಬಳಾಗಿದ್ದಳು.

ಹೀಗಿರುವಾಗ ಶೆಡ್ಡಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದರು. ಹಳೆಯ ಮಗ್ಗ ತೆಗೆದು ಹೊಸವನ್ನು ಕೂರಿಸಲು ಆರು ದಿನ ಬೀಗ. ಏಳನೆಯ ದಿನ ಕೆಲಸಕ್ಕೆ ಬರುವ ಮೊದಲು ಎಲ್ಲರಿಗೂ ಕಿವಿಯ ಪರೀಕ್ಷೆ. ದೊಡ್ಡಕ್ಕ ಚೀಟಿಯ ಕೊನೆಯ ಸಾಲನ್ನು ಎರಡು ಸಲ ಓದಿದಳು. ಉಳಿದವರು ಮೊದಲ ಸಾಲನ್ನು ಓದಿ ಕುಣಿದರು. ಅವರ ಪಾಲಿಗೆ ಅದು ರಜೆಯ ಚೀಟಿ.

ಎಲ್ಲರೂ ಒಟ್ಟಿಗೆ ಎಲ್ಲಾದರೂ ಹೋಗಿಬರೋಣ ಎಂದು ಎತ್ತಿದವರು ಮೇಸ್ತ್ರಿ. ಯೌವನದಲ್ಲಿ ಒಮ್ಮೆ ದಾರಿ ತಪ್ಪಿ ಒಂದು ಬೆಟ್ಟದ ಊರಿನಲ್ಲಿ ಒಂದು ರಾತ್ರಿ ಕಳೆದಿದ್ದರಂತೆ. ಇಪ್ಪತ್ತು ಮನೆ, ಒಂದು ದಾರಿ, ವಾಹನ ಹೋಗುವುದಿಲ್ಲ. ಅಲ್ಲಿ ನೋಡಲು ಏನಿದೆ ಎಂದು ಕೇಳಿದ್ದಕ್ಕೆ ಅವರು, ಏನೂ ಇಲ್ಲ, ಸದ್ದೂ ಇಲ್ಲ, ಅದಕ್ಕೇ ಹೋಗುವುದು ಎಂದರು. ಹತ್ತು ಜನ ಹೂಂ ಎಂದರು. ದೊಡ್ಡಕ್ಕ ಮಂಡಿ ನೋವು ಎಂದಳು. ಸದ್ದಿನಲ್ಲಿ ತಾನು ಎಲ್ಲರಿಗೂ ಸಮ. ಸದ್ದಿಲ್ಲದ ಕಡೆ ಒಂದೇ ದಿನಕ್ಕೆ ಸಿಕ್ಕಿಬೀಳುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

ಬಿಟ್ಟರೆ ತಾನೆ ವಟವಟಿ? ಅವಳು ಇಪ್ಪತ್ತು ವರ್ಷದಿಂದ ಪಕ್ಕದ ಮಗ್ಗದವಳು, ದೊಡ್ಡಕ್ಕನಿಗಿಂತ ಹತ್ತು ವರ್ಷ ಚಿಕ್ಕವಳು. ಮಗ್ಗ ನಿಂತರೂ ಬಾಯಿ ನಿಲ್ಲದವಳು ಎಂದು ಆ ಹೆಸರು. ಅವಳು ಮನೆಗೇ ಬಂದು, ಮಂಚದ ಕೆಳಗಿನ ಚೀಲ ಎಳೆದು, ತಾನೇ ಬಟ್ಟೆ ತುಂಬಿದಳು. ಮಂಡಿ ನೋಯುವುದಾದರೆ ಹೊತ್ತುಕೊಂಡು ಹೋಗುತ್ತೇನೆ, ನೀನು ಬರದಿದ್ದರೆ ನನ್ನ ಮಾತು ಕೇಳುವವರು ಯಾರು ಎಂದಳು. ಕೇಳುವವರು ಎಂಬ ಮಾತಿಗೆ ದೊಡ್ಡಕ್ಕನಿಗೆ ನಗು ಬಂತು, ಅಳುವೂ ಬಂತು.

ಬಸ್ಸು ಇಳಿದ ಮೇಲೆ ಮುಕ್ಕಾಲು ಗಂಟೆಯ ಏರು. ಊರು ತಲುಪಿದಾಗ ಇಳಿಬಿಸಿಲು. ಕಲ್ಲಿನ ಚಪ್ಪಡಿ ಹೊದಿಸಿದ ತಗ್ಗು ಮನೆಗಳು, ಮನೆಗಳ ನಡುವೆ ಒಂದಾಳು ಅಗಲದ ಹಾದಿ, ಹಾದಿಯ ತಿರುವಿನಲ್ಲಿ ಕಲ್ಲಿನ ತೊಟ್ಟಿಗೆ ಬೀಳುವ ಊಟೆಯ ನೀರು. ಹನ್ನೊಂದು ಜನ ನೇಕಾರರು ಆ ಹಾದಿಯಲ್ಲಿ ಬಂದದ್ದು ಒಂದು ಮೆರವಣಿಗೆಯ ಹಾಗಿತ್ತು. ಅವರಿಗೆ ಮೆಲ್ಲಗೆ ಮಾತಾಡಿ ಗೊತ್ತೇ ಇಲ್ಲ. ಒಬ್ಬ ಸುಸ್ತಾಯಿತು ಎಂದದ್ದಕ್ಕೆ ಮೂರು ಮನೆಯ ಕೋಳಿಗಳು ಗೋಡೆ ಹಾರಿದವು. ಮೇಸ್ತ್ರಿ ಕೈಮುಗಿದು, ಇನ್ನು ನಾಲ್ಕು ದಿನ ಯಾರೂ ದನಿ ಎತ್ತಕೂಡದು, ಮರ್ಯಾದೆ ಕಳೆಯಬೇಡಿ ಎಂದು ಬೇಡಿಕೊಂಡರು.

ಇಳಿದುಕೊಂಡ ಮನೆ ಊರಿನ ಮೇಲ್ತುದಿಯಲ್ಲಿತ್ತು. ಕೆಳಗೆ ಉದ್ದನೆಯ ಒಂದು ಕೋಣೆ, ಅದರ ನಡುವೆ ಉದ್ದನೆಯ ಮೇಜು, ಮೂಲೆಯಲ್ಲಿ ಒಲೆ. ಮೇಲೆ ಅಟ್ಟದಲ್ಲಿ ಸಾಲು ಹಾಸಿಗೆ. ಮನೆಯೊಡತಿಗೆ ಎಪ್ಪತ್ತರ ಹತ್ತಿರ. ಎತ್ತರದ ಆಳು, ಬೂದು ಶಾಲು, ಸಣಕಲು ಕತ್ತು. ಮಾತು ಕಡಿಮೆ, ಆಡಿದಾಗ ಏರಿಳಿತವಿಲ್ಲದ ಚಪ್ಪಟೆ ದನಿ. ಹೇಳಿದ್ದಕ್ಕೆ ಸುಮ್ಮನೆ ತಲೆಯಾಡಿಸುತ್ತಿದ್ದಳು, ಮುಖವನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದಳು.

ಮೊದಲ ರಾತ್ರಿಯ ಊಟಕ್ಕೆ ಕೂತಾಗ ನೇಕಾರರಿಗೆ ಸಂಕಟ ಬಂತು. ಗಟ್ಟಿಯಾಗಿ ಮಾತಾಡುವಂತಿಲ್ಲ, ಮೆಲ್ಲಗೆ ಮಾತಾಡಲು ಬರುವುದಿಲ್ಲ. ಐದು ನಿಮಿಷ ಚಮಚದ ಸದ್ದಷ್ಟೇ. ಆಮೇಲೆ ವಟವಟಿ ಮೇಜಿನ ಆ ತುದಿಯಿಂದ ತುಟಿ ಬಿಚ್ಚಿದಳು. ಸಾರಿಗೆ ಉಪ್ಪೇ ಇಲ್ಲ ಎಂದಳು, ದನಿಯಿಲ್ಲದೆ, ಶೆಡ್ಡಿನ ಭಾಷೆಯಲ್ಲಿ. ಈ ತುದಿಯವನು, ಇದೆ, ಪಾತ್ರೆಯ ತಳದಲ್ಲಿ ಮಲಗಿದೆ ಎಂದ. ಅಷ್ಟೇ ಸಾಕಾಯಿತು. ಹನ್ನೊಂದು ಬಾಯಿಗಳು ಸದ್ದಿಲ್ಲದೆ ಸಂತೆ ನಡೆಸಿದವು. ಅಟ್ಟದ ಹಾಸಿಗೆ, ದಾರಿಯ ಸಗಣಿ, ಮೇಸ್ತ್ರಿಯ ಟೋಪಿ, ಎಲ್ಲವೂ ಬಂದುಹೋದವು. ಕೊನೆಗೆ ಮಾತು ಮನೆಯೊಡತಿಯ ಮೇಲೆ ಬಂತು. ಒಲೆಯ ಬಳಿ ನಿಂತು ತುತ್ತು ಎಣಿಸುವ ಕೊಕ್ಕರೆಯ ಹಾಗಿದ್ದಾಳೆ ಎಂದಳು ವಟವಟಿ. ಎಲ್ಲರೂ ಭುಜ ಕುಣಿಸಿ ನಕ್ಕರು.

ದೊಡ್ಡಕ್ಕನಿಗೆ ದಾರಿಯುದ್ದಕ್ಕೂ ಕುತ್ತಿಗೆಗೆ ಬಿಗಿದಿದ್ದ ಹಗ್ಗ ಸಡಿಲಾದ ಹಾಗಾಗಿತ್ತು. ಇಲ್ಲೂ ತುಟಿಯ ಮಾತೇ, ಇನ್ನು ಭಯವಿಲ್ಲ. ಆ ಹಗುರದಲ್ಲಿ ಅವಳ ಬಾಯಿಯೂ ಜಾರಿತು.

"ಗಂಡ ಎಲ್ಲೂ ಕಾಣೋದಿಲ್ಲ ನೋಡಿ," ಎಂದಳು ತುಟಿಯಲ್ಲಿ. "ಈ ಮುಖ ನೋಡಿ ನೋಡಿ ಬೆಟ್ಟ ಬಿಟ್ಟು ಓಡಿಹೋಗಿರಬೇಕು."

ಅಂದಿನ ರಾತ್ರಿಯ ದೊಡ್ಡ ನಗು ಅದಕ್ಕೇ ಬಿತ್ತು. ಮನೆಯೊಡತಿ ಒಲೆಯ ಬಳಿಯಿಂದ ಸುಮ್ಮನೆ ನೋಡುತ್ತಿದ್ದಳು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೆ ಅದರ ಚಿಂತೆ ಎಲ್ಲಿಯದು?

ಮರುದಿನ ಬೆಳಗ್ಗೆ ದೊಡ್ಡಕ್ಕ ತೊಟ್ಟಿಯ ಬಳಿ ಮುಖ ತೊಳೆಯುತ್ತಿದ್ದಾಗ ನೆರೆಮನೆಯ ಹೆಂಗಸೊಬ್ಬಳು ಕೊಡ ಹಿಡಿದು ಬಂದಳು. ಹಿಂದೆ ನಿಂತು ಮಾತಾಡಿಸಲಿಲ್ಲ. ತೊಟ್ಟಿಯನ್ನು ಸುತ್ತಿಕೊಂಡು ಎದುರಿಗೆ ಬಂದಳು, ದೊಡ್ಡಕ್ಕ ತಲೆಯೆತ್ತುವವರೆಗೆ ಕಾದಳು, ಆಮೇಲೆ ಯಾವ ಊರು ಎಂದು ಕೇಳಿದಳು. ದೊಡ್ಡಕ್ಕನಿಗೆ ಪೂರ್ತಿ ತಿಳಿಯಿತು. ಸ್ವಲ್ಪ ಹೊತ್ತಿಗೆ ಮುದುಕನೊಬ್ಬ ಸೌದೆಯ ರಾಶಿಯನ್ನೆಲ್ಲ ಬಳಸಿ ಬಂದು ಅವಳ ಮುಂದೆ ನಿಂತು, ಕೆಳಗಿನ ಹಾದಿ ಜಾರುತ್ತದೆ, ಜೋಪಾನ ಎಂದ. ಅದೂ ತಿಳಿಯಿತು. ಮಧ್ಯಾಹ್ನ ಎರಡು ಮಕ್ಕಳು ಓಡಿಬಂದು, ಅವಳ ಬೆನ್ನು ಕಂಡು, ಅವಳನ್ನು ಸುತ್ತಿ, ಮುಖದ ಮುಂದೆ ನಿಂತು ನಮ್ಮ ಮೇಕೆ ಕಂಡಿರಾ ಎಂದವು.

ಒಂದು ದಿನವಿಡೀ ಅವಳು ಯಾರ ಕೈಗೂ ಸಿಕ್ಕಿಬೀಳಲಿಲ್ಲ. ಬೆಟ್ಟದ ನೀರಿಗೋ ಗಾಳಿಗೋ ಕಿವಿ ತೆರೆಯಿತೇ ಎಂದು ಆಸೆ ಹುಟ್ಟಿತು. ಮನೆಯ ಹಿಂದೆ ಯಾರೂ ಇಲ್ಲದ ಕಡೆ ಹೋಗಿ, ತಲೆಯ ಹಿಂದೆ ಲೋಟ ಹಿಡಿದು ಚಮಚದಿಂದ ಬಡಿದು ನೋಡಿದಳು. ಕೈಗೆ ಪೆಟ್ಟು ತಿಳಿಯಿತು, ಕಿವಿಗೆ ಏನೂ ಬರಲಿಲ್ಲ. ಒಳಗಿನ ಮಗ್ಗ ಮಾತ್ರ ಓಡುತ್ತಿತ್ತು. ಹಾಗಾದರೆ ಇಲ್ಲಿಯವರ ಮಾತು ಮಾತ್ರ ಹೇಗೆ ತಿಳಿಯುತ್ತದೆ? ಅವಳಿಗೆ ಬಗೆಹರಿಯಲಿಲ್ಲ.

ಬಗೆಹರಿಯದ್ದು ಇನ್ನೂ ಇತ್ತು. ಎರಡನೆಯ ರಾತ್ರಿ ಊಟಕ್ಕೆ ಕೂತಾಗ ಉಪ್ಪಿನ ಡಬ್ಬಿ ಬಂದು ವಟವಟಿಯ ಮುಂದೆಯೇ ಕೂತಿತ್ತು. ಅವಳು, ಉಪ್ಪೇನೋ ಬಂತು, ಕಂಬಳಿ ಮಾತ್ರ ಜರಡಿಯ ಹಾಗಿದೆ ಎಂದು ತುಟಿಯಲ್ಲೇ ದೂರಿದಳು. ಮಲಗಲು ಹೋದರೆ ಅವಳ ಹಾಸಿಗೆಯ ಮೇಲೆ ಎರಡನೆಯ ಕಂಬಳಿ ಮಡಿಸಿಟ್ಟಿತ್ತು. ಈ ಅಮ್ಮನಿಗೆ ಮನಸ್ಸು ಓದುವ ವಿದ್ಯೆ ಗೊತ್ತಿರಬೇಕು, ಇನ್ನು ಮನಸ್ಸಿನಲ್ಲೂ ಜಾಗ್ರತೆ ಎಂದು ನಕ್ಕರು. ಸತ್ಯವನ್ನು ಅಷ್ಟು ಹತ್ತಿರದಿಂದ ದಾಟಿ ಹೋದರು.

ಮೂರನೆಯ ದಿನ ಉಳಿದವರು ಮೇಲಿನ ಕಣಿವೆ ನೋಡಲು ಹೊರಟರು. ದೊಡ್ಡಕ್ಕನ ಮಂಡಿ ಈ ಸಲ ನಿಜವಾಗಿಯೇ ಊದಿಕೊಂಡಿತ್ತು. ಅವಳು ಅಂಗಳದ ಕಲ್ಲಿನ ಮೇಲೆ ಕಾಲು ಚಾಚಿ ಕೂತಳು. ಮನೆಯೊಡತಿ ಎದುರಿನ ಕಲ್ಲಿನ ಮೇಲೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದಳು. ಬಿಸಿಲು ಹಿತವಾಗಿತ್ತು. ನಡುಹಗಲಿಗೆ ಸರಿಯಾಗಿ ಎದುರು ಬೆಟ್ಟದ ನೆತ್ತಿಯ ಹುಲ್ಲುಗಾವಲಿನಲ್ಲಿ ಏನೋ ಮಿಂಚಿತು, ಕನ್ನಡಿಯ ಚೂರಿನಷ್ಟು ಬೆಳಕು. ಒಂದು, ಎರಡು, ಮೂರು. ಮನೆಯೊಡತಿ ಎದ್ದು ಅಂಗಳದ ಕಂಬಕ್ಕೆ ಒಂದು ಬಿಳಿ ಬಟ್ಟೆ ಏರಿಸಿದಳು, ಎಣಿಸಿದಂತೆ ಸ್ವಲ್ಪ ಹೊತ್ತು ಬಿಟ್ಟಳು, ಇಳಿಸಿದಳು, ಬಂದು ಮತ್ತೆ ಆಲೂಗಡ್ಡೆ ಹಿಡಿದಳು.

ಆಗ ಇಬ್ಬರ ನಡುವೆ ಮೇಯುತ್ತಿದ್ದ ಕೋಳಿ ಒಮ್ಮೆಗೇ ರೆಕ್ಕೆ ಕೆದರಿ ಆಳೆತ್ತರ ಹಾರಿತು.

ಇಬ್ಬರೂ ಕೋಳಿಯನ್ನು ನೋಡಿದರು. ಕೋಳಿ ನೋಡಿದ ಕಡೆ ತಿರುಗಿದರು. ಅಂಗಳದ ಮೂಲೆಯ ಗೋಡೆಯ ಮೇಲೆ ಮೇಕೆ ನಿಂತಿತ್ತು. ಅದು ಕೆಡವಿದ ತಗಡಿನ ಬಕೆಟ್ಟು ಕಲ್ಲಿನ ಮೆಟ್ಟಿಲ ಮೇಲೆ ಇನ್ನೂ ಉರುಳುತ್ತಿತ್ತು. ಸತ್ತವರೂ ಎದ್ದು ಕೂರುವಂಥ ಸದ್ದಾಗಿರಬೇಕು. ಇಬ್ಬರಿಗೂ ಅದರ ಸುಳಿವು ಕೊಟ್ಟದ್ದು ಕೋಳಿ ಮಾತ್ರ.

ಅವರು ಮೆಲ್ಲಗೆ ಮುಖ ತಿರುಗಿಸಿ ಒಬ್ಬರನ್ನೊಬ್ಬರು ನೋಡಿಕೊಂಡರು. ಮನೆಯೊಡತಿಯ ತುಟಿ ಆಡಿತು. ದನಿಯಿಲ್ಲ, ಶೆಡ್ಡಿನಲ್ಲಿ ಆಡುವ ಹಾಗೆಯೇ.

"ನಿನಗೂ ಕೇಳಿಸಲಿಲ್ಲ."

ದೊಡ್ಡಕ್ಕ ನಾಲ್ಕು ವರ್ಷ ಬಚ್ಚಿಟ್ಟದ್ದು ಅಂಗಳದ ಬಿಸಿಲಿನಲ್ಲಿ ಬಿದ್ದಿತ್ತು. ಅದಕ್ಕಿಂತ ದೊಡ್ಡದೊಂದು ಭಯ ಹಿಂದೆಯೇ ಬಂತು. ಉಪ್ಪಿನ ಡಬ್ಬಿ, ಕಂಬಳಿ, ಕೊಕ್ಕರೆ.

"ನನ್ನ ಗಂಡ ಓಡಿಹೋಗಿಲ್ಲ, ತಂಗಿ," ಎಂದಳು ಮನೆಯೊಡತಿ, ತುಟಿಯಲ್ಲೇ. ಸುಲಿಯುವ ಚಾಕುವಿನಿಂದ ಎದುರು ಬೆಟ್ಟ ತೋರಿಸಿದಳು. "ಮೇಲೆ ಕುರಿ ಕಾಯ್ತಿದ್ದಾನೆ. ದಿನಾ ಮಧ್ಯಾಹ್ನ ಕನ್ನಡಿ ತೋರಿಸ್ತಾನೆ, ಚೆನ್ನಾಗಿದ್ದೀನಿ ಅಂತ. ನಾನೂ ಬಟ್ಟೆ ತೋರಿಸ್ತೀನಿ. ಈ ಮುಖ ಅವನಿಗೆ ನಲವತ್ತೆಂಟು ವರ್ಷದಿಂದ ಅಭ್ಯಾಸ ಆಗಿದೆ."

ದೊಡ್ಡಕ್ಕ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಸ್ವಲ್ಪ ಹೊತ್ತಿಗೆ ಮಂಡಿಯ ಮೇಲೆ ಒದ್ದೆ ಕೈಯೊಂದು ಬಿತ್ತು. ಕಣ್ಣು ತೆರೆದರೆ ಮನೆಯೊಡತಿ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ನಗುತ್ತಿದ್ದಳು.

"ಮುಖ ಮುಚ್ಚಿಕೊಂಡರೆ ನಾನು ಬೈಯೋದು ನಿನಗೆ ಕಾಣೋದಿಲ್ಲ," ಎಂದಳು.

ಅವಳಿಗೆ ಆರು ವರ್ಷವಿದ್ದಾಗ ಜ್ವರ ಬಂದು ಕಿವಿ ಹೋಯಿತಂತೆ. ಜ್ವರ ಇಳಿದ ದಿನ ಸಂಜೆ ಅವಳ ಅಪ್ಪ ಕೋಲು ಹಿಡಿದು ಇಪ್ಪತ್ತು ಮನೆಯ ಬಾಗಿಲಿಗೂ ಹೋದ. ನನ್ನ ಮಗಳಿಗೆ ಇನ್ನು ಕೇಳಿಸುವುದಿಲ್ಲ, ಮಾತಾಡುವುದಿದ್ದರೆ ಎದುರಿಗೆ ಬಂದು ಮಾತಾಡಿ ಎಂದು ಹೇಳಿ ಬಂದ. ಅಷ್ಟೇ. ಒಂದು ಸಂಜೆಯ ಕೆಲಸ. ಅವಳು ಯಾರ ಬಳಿ ಯಾವಾಗ ಬಂದಾಳೆಂದು ಗೊತ್ತಿಲ್ಲದೆ ಜನ ಎಲ್ಲರೊಂದಿಗೂ ಹಾಗೆಯೇ ಮಾತಾಡಲು ಶುರು ಮಾಡಿದರು. ಆ ಕಾಲದವರೆಲ್ಲ ಹೋದರು, ಅಭ್ಯಾಸ ಮಾತ್ರ ಉಳಿಯಿತು.

"ಈಗಿನ ಮಕ್ಕಳಿಗೆ ಯಾಕೆ ಅಂತಲೂ ಗೊತ್ತಿಲ್ಲ," ಎಂದಳು ಮನೆಯೊಡತಿ. "ಮಾತಾಡೋದು ಅಂದರೇ ಹಾಗೆ ಅಂದುಕೊಂಡಿದ್ದಾವೆ. ಕೆಳಗಿನ ಶಾಲೆಗೆ ಹೋದಾಗ ಮೇಷ್ಟರನ್ನೂ ಸುತ್ತಿ ಬಂದು ನಿಲ್ಲುತ್ತಾವಂತೆ. ಅವರಿಗೆ ತಲೆ ತಿರುಗುತ್ತಂತೆ."

ಬೆಟ್ಟದ ನೀರಿನ ಮಹಿಮೆ ಏನೆಂದು ಆಗ ದೊಡ್ಡಕ್ಕನಿಗೆ ತಿಳಿಯಿತು. ಒಬ್ಬಳ ಕಿವಿಗಾಗಿ ಇಡೀ ಊರು ನಾಲ್ಕು ಹೆಜ್ಜೆ ಸುತ್ತಿ ನಡೆಯುತ್ತಿತ್ತು. ಸುತ್ತಿ ನಡೆಯುತ್ತಿದ್ದೇವೆಂಬ ನೆನಪೂ ಯಾರಿಗೂ ಇರಲಿಲ್ಲ. ಅದಕ್ಕೇ, ಮನೆಯೊಡತಿಗೆ ಕಿವಿ ಕೇಳುವುದಿಲ್ಲ ಎಂಬುದು ಬಂದವರಿಗೆ ಹೇಳಬೇಕಾದ ಸಂಗತಿ ಎಂದೂ ಯಾರಿಗೂ ತೋಚಿರಲಿಲ್ಲ.

"ನಿನ್ನ ಮನೆಯವರು ಸುತ್ತಿ ಬರ್ತಾರಾ?" ಎಂದು ಮನೆಯೊಡತಿ ಕೇಳಿದಳು.

"ಇಲ್ಲ."

"ಅವರಿಗೆ ಯಾರು ಹೇಳಿದ್ದಾರೆ?"

ಗೋಡೆಗೆ ಸಮ ಎಂದ ಸೊಸೆ ದೊಡ್ಡಕ್ಕನ ಕಣ್ಣಮುಂದೆ ಬಂದಳು, ಮೂರು ಸಲ ಕರೆದು ಸುಮ್ಮನಾದ ಮಗುವೂ ಬಂತು. ಅವರು ಬರಲಿಲ್ಲವೆಂದು ತಾನು ಒಳಗೊಳಗೇ ನೊಂದಿದ್ದು ನಿಜ. ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿಕೊಂಡವಳು ಯಾರು?

"ಯಾರೂ ಹೇಳಿಲ್ಲ," ಎಂದಳು ಕೊನೆಗೆ.

ಮನೆಯೊಡತಿ ಅದಕ್ಕೆ ಬುದ್ಧಿ ಹೇಳಲಿಲ್ಲ. ಒಂದು ಆಲೂಗಡ್ಡೆಯನ್ನೂ ಇನ್ನೊಂದು ಚಾಕುವನ್ನೂ ಅವಳ ಕೈಗೆ ಕೊಟ್ಟಳು. ಇಬ್ಬರೂ ಸುಲಿಯುತ್ತಾ ಕೂತರು. ಸ್ವಲ್ಪ ಹೊತ್ತಾದ ಮೇಲೆ ಮುದುಕಿ ಅವಳ ಕಿವಿಯ ಕಡೆ ಬೆರಳು ಮಾಡಿ, ಒಳಗೆ ಏನಿದೆ ಎಂದು ಕೇಳಿದಳು. ದೊಡ್ಡಕ್ಕ ಬೆಚ್ಚಿದಳು. ಈ ಪ್ರಶ್ನೆಯನ್ನು ಜಗತ್ತಿನಲ್ಲಿ ಯಾರೂ ಕೇಳಿರಲಿಲ್ಲ. ಮಗ್ಗ ಎಂದಳು. ನನ್ನದರಲ್ಲಿ ನೀರು ಎಂದಳು ಮನೆಯೊಡತಿ. ಅರುವತ್ತು ವರ್ಷದಿಂದ ಹರಿಯುತ್ತಿದೆ, ಮೊದಮೊದಲು ಹೆದರುತ್ತಿದ್ದೆ, ಈಗ ನನ್ನದೇ ಹೊಳೆ, ಬೇರೆ ಯಾರಿಗೂ ಪಾಲಿಲ್ಲ ಎಂದುಕೊಂಡಿದ್ದೇನೆ.

ಸಿಪ್ಪೆ ಉದ್ದಕ್ಕೆ ಸುರುಳಿಯಾಗಿ ಮಡಿಲಿಗೆ ಬೀಳುತ್ತಿತ್ತು. ಎದುರು ಬೆಟ್ಟದ ಮೇಲೆ ಮೋಡದ ನೆರಳು ಸರಿಯುತ್ತಿತ್ತು. ಒಳಗಿನ ಮಗ್ಗ ಎಂದಿನಂತೆ ಓಡುತ್ತಲೇ ಇತ್ತು. ಆದರೆ ಇವತ್ತು ಅದು ಅಟ್ಟಿಸಿಕೊಂಡು ಬರುವ ಸದ್ದಿನ ಹಾಗಿರಲಿಲ್ಲ. ಮೂವತ್ತೊಂದು ವರ್ಷ ಅನ್ನ ಕೊಟ್ಟ ಮಗ್ಗ, ಕೆಲಸ ಮುಗಿದರೂ ಮನೆಗೆ ಹೋಗಲು ಮನಸ್ಸಿಲ್ಲದೆ ಪಕ್ಕದಲ್ಲಿ ಕೂತ ಹಾಗಿತ್ತು. ಓಡಲಿ ಬಿಡು ಎಂದುಕೊಂಡಳು. ಅದರ ತಾಳಕ್ಕೇ ಅವಳ ಕೈ ಆಲೂಗಡ್ಡೆ ಸುಲಿಯಿತು. ನಾಲ್ಕು ವರ್ಷದಲ್ಲಿ ಅಷ್ಟು ನಿಶ್ಚಿಂತೆಯಿಂದ ಅವಳು ಕೂತದ್ದಿಲ್ಲ.

ಅಂದು ಸಂಜೆ ಮೇಜಿನ ಸುತ್ತ ತುಟಿಗಳು ಎಂದಿನಂತೆ ಏಳುವ ಮೊದಲೇ ದೊಡ್ಡಕ್ಕ ಎದ್ದು ನಿಂತಳು. ಬಾಯಿ ಬಿಟ್ಟು, ದನಿಯಲ್ಲೇ ಹೇಳಿದಳು. ದನಿ ಎಷ್ಟು ಎತ್ತರಕ್ಕೆ ಹೋಯಿತೋ ಅವಳಿಗೆ ತಿಳಿಯದು. ಹೊರಗೆ ಕೋಳಿ ಹಾರಿದ್ದನ್ನು ಕಿಟಕಿಯಲ್ಲಿ ಕಂಡಳು.

"ಈ ಅಮ್ಮನಿಗೆ ಕಿವಿ ಕೇಳೋದಿಲ್ಲ. ನಮ್ಮ ತುಟಿ ಓದ್ತಾರೆ. ಮೊದಲ ದಿನದಿಂದ ಎಲ್ಲ ಓದಿದ್ದಾರೆ. ಇನ್ನೊಂದು ಮಾತು. ನನಗೂ ಕೇಳೋದಿಲ್ಲ. ನಾಲ್ಕು ವರ್ಷ ಆಯ್ತು."

ಹತ್ತು ಕೈಗಳು ಒಟ್ಟಿಗೆ ಹತ್ತು ಬಾಯಿಗಳ ಮೇಲೆ ಬಂದವು. ಎರಡು ಸುದ್ದಿಯಲ್ಲಿ ಯಾವುದಕ್ಕೆ ಮೊದಲು ಬೆಚ್ಚಬೇಕೆಂದು ಅವರಿಗೆ ಗೊತ್ತಾಗಲಿಲ್ಲ. ವಟವಟಿಯ ಮುಖ ಬೂದಿಯಾಗಿತ್ತು. ಮೇಸ್ತ್ರಿ ಎದ್ದು ಟೋಪಿ ತೆಗೆದು ಒಲೆಯ ಕಡೆ ತಿರುಗಿದರು. ಮನೆಯೊಡತಿ ದೊಡ್ಡ ಪಾತ್ರೆ ಹೊತ್ತು ಬಂದು ಮೇಜಿನ ನಡುವೆ ಇಟ್ಟಳು. ವಟವಟಿಯ ಎದುರಿಗೆ ನಿಂತು, ಅವಳು ತಲೆಯೆತ್ತುವವರೆಗೆ ಕಾದು, ತನ್ನ ಚಪ್ಪಟೆ ದನಿಯಲ್ಲಿ ನುಡಿದಳು.

"ಕೊಕ್ಕರೆ ಇವತ್ತು ಉಪ್ಪು ಸರಿಯಾಗಿ ಹಾಕಿದೆ. ರುಚಿ ನೋಡು."

ಮೊದಲು ನಕ್ಕವರು ಮೇಸ್ತ್ರಿ. ಆಮೇಲೆ ಎಲ್ಲರೂ ದನಿಯೆತ್ತಿಯೇ ನಕ್ಕರು, ತಪ್ಪಾಯಿತು ಎನ್ನುತ್ತಲೇ ನಕ್ಕರು. ನಗದೆ ಕೂತವಳು ವಟವಟಿ ಒಬ್ಬಳೇ. ಅವಳು ಉಂಡಳು, ತಟ್ಟೆ ತೊಳೆದಳು, ಮನೆಯೊಡತಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ದೊಡ್ಡಕ್ಕನ ಕಡೆ ಮಾತ್ರ ನೋಡಲಿಲ್ಲ.

ಮರುದಿನ ಬೆಳಗ್ಗೆ ಗಂಟುಮೂಟೆ ಕಟ್ಟುವಾಗಲೂ ನೋಡಲಿಲ್ಲ. ವಟವಟಿ ಮಾತಾಡದೆ ಇರುವುದನ್ನು ಶೆಡ್ಡಿನವರು ಅದೇ ಮೊದಲು ಕಂಡದ್ದು. ಮೇಸ್ತ್ರಿ ಜ್ವರವೇನಾದರೂ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದರು. ಮನೆಯೊಡತಿ ದೊಡ್ಡಕ್ಕನನ್ನು ಅಂಗಳದವರೆಗೆ ಕಳುಹಿಸಲು ಬಂದಳು. ನಿಮ್ಮ ಋಣ ಹೇಗೆ ತೀರಿಸಲಿ ಎಂದು ದೊಡ್ಡಕ್ಕ ತುಟಿಯಲ್ಲಿ ಕೇಳಿದ್ದಕ್ಕೆ ಅವಳು, ಆಲೂಗಡ್ಡೆ ಸುಲಿದೆಯಲ್ಲ ಎಂದಳು.

ಇಳಿಜಾರಿನಲ್ಲಿ ವಟವಟಿ ಹತ್ತು ಹೆಜ್ಜೆ ಮುಂದೆ ನಡೆದಳು. ದೊಡ್ಡಕ್ಕ ಅವಳ ಬೆನ್ನನ್ನೇ ನೋಡುತ್ತಾ ನಡೆದಳು. ಆ ಬೆನ್ನಿಗೆ ಎಷ್ಟು ನೋವಾಗಿದೆ ಎಂಬುದು ನಡಿಗೆಯಲ್ಲೇ ಕಾಣುತ್ತಿತ್ತು. ಅರ್ಧ ದಾರಿಯಲ್ಲಿ ಬೆನ್ನು ನಿಂತಿತು. ವಟವಟಿ ಮೇಲಕ್ಕೆ ಹತ್ತಿ ಬಂದಳು, ದೊಡ್ಡಕ್ಕನ ಎದುರಿಗೆ ನಿಂತಳು. ಅವಳ ಕಣ್ಣು ಕೆಂಪಗಿತ್ತು.

"ಇಪ್ಪತ್ತು ವರ್ಷ ಪಕ್ಕದಲ್ಲಿ ನಿಂತಿದ್ದೀನಿ," ಎಂದಳು. "ನನ್ನ ಗಂಡನ ಗೊರಕೆಯಿಂದ ಹಿಡಿದು ಎಲ್ಲಾ ನಿನಗೆ ಹೇಳಿದ್ದೀನಿ. ನೀನು ಇದೊಂದು ನನಗೆ ಹೇಳಲಿಲ್ಲ. ಮನೆಗೆ ಹೋಗೋ ದಾರಿಯಲ್ಲಿ ನಿನ್ನ ಬಲಗಡೆ ನಡೀತಾ ನಾಲ್ಕು ವರ್ಷ ಮಾತಾಡಿದ್ದೀನಲ್ಲ, ಅದೆಲ್ಲ ಎಲ್ಲಿ ಹೋಯ್ತು?"

"ಗಾಳಿಗೆ," ಎಂದಳು ದೊಡ್ಡಕ್ಕ. "ಹೂಂ, ಹೂಂ ಅಂತಿದ್ದೆ. ತಪ್ಪಾಯ್ತು. ನೀನು ನಗ್ತೀಯ ಅಂತ ಹೆದರಿದೆ."

"ನಗ್ತಿದ್ದೆ," ಎಂದಳು ವಟವಟಿ. "ಎರಡು ದಿನ ನಗ್ತಿದ್ದೆ. ಆಮೇಲೆ ಎದುರಿಗೆ ಬರ್ತಿದ್ದೆ."

ಮೂಗು ಒರೆಸಿಕೊಂಡು ಅವಳು ಮತ್ತೆ ನಡೆದಳು. ಈ ಸಲ ಮುಖ ದೊಡ್ಡಕ್ಕನ ಕಡೆಗೇ ಇತ್ತು. ಇಳಿಜಾರಿನ ಹಾದಿಯಲ್ಲಿ ಹಿಂದುಹಿಂದಕ್ಕೆ ಹೆಜ್ಜೆ ಇಡುತ್ತಾ, ಗಾಳಿಗೆ ಹೋದ ನಾಲ್ಕು ವರ್ಷದ ಮಾತನ್ನು ಮೊದಲಿನಿಂದ ಶುರು ಮಾಡಿದಳು. ನಾದಿನಿಯ ಮದುವೆ, ಗಂಡನ ಹಲ್ಲು, ಸೋರುವ ಮಾಡು. ಕಲ್ಲಿದೆ, ಬಿದ್ದೀಯ ಎಂದು ದೊಡ್ಡಕ್ಕ ಕೂಗಿದಳು. ನನ್ನ ಕಣ್ಣು ನೀನೇ, ದಾರಿ ಹೇಳು ಎಂದಳು ಅವಳು. ಎರಡು ಸಲ ಬಿದ್ದಳು. ಬಿದ್ದಲ್ಲಿಂದಲೂ ಮಾತು ನಿಲ್ಲಿಸಲಿಲ್ಲ. ಮುಕ್ಕಾಲು ಗಂಟೆಯ ಇಳಿವು ಒಂದೂವರೆ ಗಂಟೆಯಾಯಿತು; ಬಸ್ಸು ತಪ್ಪಿ ಮುಂದಿನದಕ್ಕೆ ಕಾದರು. ಯಾರೂ ಗೊಣಗಲಿಲ್ಲ.

ಮನೆಗೆ ಬಂದ ದೊಡ್ಡಕ್ಕ ಚೀಲ ಇಳಿಸುವ ಮೊದಲೇ ಮಗನನ್ನೂ ಸೊಸೆಯನ್ನೂ ಎದುರಿಗೆ ಕೂರಿಸಿಕೊಂಡಳು. ಮನೆಮನೆಗೆ ಹೋದ ಆ ಅಪ್ಪನನ್ನು ನೆನೆದುಕೊಂಡಳು. ತನ್ನ ಬಾಗಿಲಿಗೆ ತಾನೇ ಹೋಗಿ ನಿಂತು ಹೇಳಿದಳು. ಮಗ ತಲೆ ತಗ್ಗಿಸಿದ. ಸೊಸೆ ಅತ್ತೆಯ ಮುಖದ ಎದುರಿಗೆ ತನ್ನ ಮುಖ ತಂದು, ನಾನು ಏನೇನೋ ಅಂದುಕೊಂಡಿದ್ದೆ ಎಂದಳು. ಅದೂ ನನಗೆ ಗೊತ್ತು, ಅಡುಗೆಮನೆಯಲ್ಲಿ ಆಡುವಾಗ ಇನ್ನು ಮೇಲೆ ಬೆನ್ನು ತಿರುಗಿಸಿಕೊಂಡು ಆಡು ಎಂದಳು ದೊಡ್ಡಕ್ಕ. ಸೊಸೆಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅಳುತ್ತಲೇ ನಕ್ಕಳು.

ಏಳನೆಯ ದಿನ ಕಿವಿಯ ಪರೀಕ್ಷೆಗೆ ದೊಡ್ಡಕ್ಕ ಸಾಲಿನಲ್ಲಿ ಮೊದಲು ನಿಂತಳು. ಪರೀಕ್ಷೆಯ ಚೀಟಿಯಲ್ಲಿ ಬರೆದದ್ದು ಅವಳಿಗೆ ಹೊಸದೇನೂ ಆಗಿರಲಿಲ್ಲ. ಎಳೆ ಕಡಿದರೆ ಹೊಸ ಮಗ್ಗಗಳಲ್ಲಿ ಗಂಟೆ ಹೊಡೆಯುತ್ತಿತ್ತು. ಮೇಸ್ತ್ರಿ ಎಲೆಕ್ಟ್ರಿಷಿಯನ್ನನ್ನು ಕರೆಸಿ ಅವಳ ಎರಡು ಮಗ್ಗಗಳ ನೆತ್ತಿಗೆ ಒಂದೊಂದು ಕೆಂಪು ಬಲ್ಬು ಹಾಕಿಸಿದರು. ತಿಂಗಳು ಕಳೆಯುವುದರಲ್ಲಿ, ಗಂಟೆ ನಮಗೂ ಕೇಳಿಸುವುದಿಲ್ಲ, ನಮಗೂ ಹಾಕಿಸಿ ಎಂದು ಇನ್ನೂ ಹದಿನಾಲ್ಕು ಜನ ಬಂದರು. ಬಾಯಿ ಬಿಡಲು ಅವರೂ ಯಾರಾದರೊಬ್ಬರು ಮೊದಲು ಬಿಡಲಿ ಎಂದು ಕಾದಿದ್ದರು.

ಒಂದು ಭಾನುವಾರ ದೊಡ್ಡಕ್ಕ ಗೋಡೆಯ ಕಡೆ ಮುಖ ಮಾಡಿ ಬಟ್ಟೆ ಮಡಿಸುತ್ತಿದ್ದಳು. ಕಾಲ ಬಳಿ ಏನೋ ಸುಳಿಯಿತು. ಮೊಮ್ಮಗಳು ಗೋಡೆಗೂ ಅಜ್ಜಿಗೂ ನಡುವಿನ ಗೇಣು ಜಾಗದಲ್ಲಿ ತೂರಿಕೊಂಡು ಎದುರಿಗೆ ಬಂದಿದ್ದಳು. ಪುಟ್ಟ ಕೈ ಎತ್ತಿ ಅಜ್ಜಿಯ ಗಲ್ಲ ಹಿಡಿದು ಮುಖವನ್ನು ಕೆಳಗೆ ಎಳೆದುಕೊಂಡಳು. ಅವಳ ಬಾಯಿ ಅಗಲವಾಗಿ ತೆರೆಯಿತು, ನಾಲಿಗೆ ಮೇಲೆದ್ದಿತು, ಹಾಲುಹಲ್ಲು ಕಾಣುವಂತೆ ತುಟಿ ಇಬ್ಬದಿಗೂ ಎಳೆದುಕೊಂಡಿತು. ಆ ಮಾತಿನ ಒಂದೊಂದು ಅಕ್ಷರವನ್ನೂ ದೊಡ್ಡಕ್ಕ ಕಣ್ಣು ತುಂಬ ಕೇಳಿದಳು.

"ಏನು ಕಂದಾ?" ಎಂದಳು.

"ಬಿಸ್ಕತ್ತು," ಎಂದಳು ಮೊಮ್ಮಗಳು.